ಪಂದ್ಯದ ದುಡ್ಡಿನಲ್ಲಿ ಎಲ್ಲರ ಆಟದಂಗಳ

ಶಾಲೆಯ ಫುಟ್‌ಬಾಲ್ ಪಂದ್ಯದಲ್ಲಿ ಕೂಡಿದ ದುಡ್ಡಿನಿಂದ ಒಂದು ಜೋಕಾಲಿ ತಂದಿದ್ದೆವು. ಬೆನ್ನಿಗೆ ಆಸರೆ, ಎದೆಗೆ ಅಡ್ಡಪಟ್ಟಿ ಇರುವಂಥದ್ದು; ನೆಟ್ಟಗೆ ಕೂರಲಾಗದ ಮಗುವೂ ಅದರಲ್ಲಿ ಜೀಕಬಹುದು. ಉದ್ಘಾಟನೆಯ ದಿನ ಐದನೇ ತರಗತಿಯ ಹುಡುಗಿಯೊಬ್ಬಳು ಗಾಲಿಕುರ್ಚಿಯಲ್ಲಿ ಬಂದಳು. ಜೋಕಾಲಿ ಇನ್ನು ಹತ್ತು ಹನ್ನೆರಡು ಅಡಿ ಇದೆ ಎನ್ನುವಾಗ ಕುರ್ಚಿಯ ಮುಂದಿನ ಸಣ್ಣ ಗಾಲಿಗಳು ಮರಳಿನಲ್ಲಿ ಹೂತು ನಿಂತವು. ಬಿದ್ದ ಮಕ್ಕಳಿಗೆ ಪೆಟ್ಟಾಗಬಾರದೆಂದು ಆ ಮರಳು ಹಾಕಿಸಿದವರು ನಾವೇ. ಕೊನೆಗೆ ಅವಳ ಅಪ್ಪ ಎತ್ತಿಕೊಂಡು ಹೋಗಿ ಕೂರಿಸಿದರು, ನೆರೆದವರು ಚಪ್ಪಾಳೆ ತಟ್ಟಿದರು. ಮಾರನೇ ದಿನ ಅಪ್ಪ ಕೂಲಿಗೆ ಹೋದರು. ಅವಳು ಮೊದಲಿನಂತೆ ಜಗಲಿಯಲ್ಲಿ ಕುಳಿತು ಬೇರೆ ಮಕ್ಕಳು ಜೀಕುವುದನ್ನು ನೋಡಿದಳು.

ಅಂದಿನಿಂದ ಯಾವ ಶಾಲೆಯವರು ಇಂಥ ಪಂದ್ಯದ ಮಾತೆತ್ತಿದರೂ ನಾನು ಮೊದಲು ಹೇಳುವುದು ಇದನ್ನೇ. ಚೆಂಡು ಕೊಳ್ಳುವ ಮೊದಲು, ಕರಪತ್ರ ಅಚ್ಚು ಹಾಕಿಸುವ ಮೊದಲು, ಯಾವ ಮಗುವಿಗೆಂದು ಅಂಗಳ ಮಾಡಹೊರಟಿದ್ದೀರೋ ಆ ಮಗುವಿನ ಜೊತೆ ಶಾಲೆಯ ಗೇಟಿನಿಂದ ಬಯಲಿನ ತುದಿಯವರೆಗೆ ಒಮ್ಮೆ ಹೋಗಿ ಬನ್ನಿ. ಎಲ್ಲಿ ಗಾಲಿ ನಿಂತಿತು, ಎಲ್ಲಿ ಕೋಲಿಗೆ ದಾರಿ ಸಿಗಲಿಲ್ಲ, ಎಲ್ಲಿ ಗದ್ದಲಕ್ಕೆ ಮಗು ಕಿವಿ ಮುಚ್ಚಿಕೊಂಡಿತು ಎಂದು ಬರೆದುಕೊಳ್ಳಿ. ಆ ಚೀಟಿಯೇ ನಿಮ್ಮ ಖರ್ಚಿನ ಪಟ್ಟಿ. ಎಷ್ಟು ದುಡ್ಡು ಬೇಕು, ಯಾವುದು ಮೊದಲು, ಯಾವುದು ಆಮೇಲೆ ಎಂಬುದೆಲ್ಲ ಅದರಿಂದಲೇ ತಿಳಿಯುತ್ತದೆ.

ಮಕ್ಕಳು ಎಲ್ಲಿದ್ದಾರೆ?

‘ನಮ್ಮ ಶಾಲೆಯಲ್ಲಿ ಅಂಥ ಮಕ್ಕಳಿಲ್ಲ’ ಎಂಬ ಮಾತನ್ನು ಎಷ್ಟೋ ಕಡೆ ಕೇಳಿದ್ದೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಮಂದದೃಷ್ಟಿ, ಕಲಿಕೆಯ ತೊಡಕು, ಆಟಿಸಂ, ಕುಡಗೋಲು ಕಣ ರಕ್ತಹೀನತೆ ಎಲ್ಲವೂ ಅದರಲ್ಲಿವೆ. ಆ ಪಟ್ಟಿ ಹಿಡಿದು ತರಗತಿಯನ್ನು ಮತ್ತೊಮ್ಮೆ ನೋಡಿದರೆ ಕಡೆಯ ಬೆಂಚಿನ ಇಬ್ಬರು ಮೂವರು ಕಣ್ಣಿಗೆ ಬೀಳುತ್ತಾರೆ. ಶಾಲೆಗೇ ಬರಲಾಗದೆ ಗೃಹಾಧಾರಿತ ಶಿಕ್ಷಣದಲ್ಲಿರುವ ಮಕ್ಕಳೂ ನಿಮ್ಮ ಶಾಲೆಯವರೇ. ಅವರ ಮನೆಗೆ ಹೋಗಿಬರುವ ಬಿಐಇಆರ್‌ಟಿ ಶಿಕ್ಷಕರಿಗೆ, ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರ ಕೆಲಸ ನೋಡಿಕೊಳ್ಳುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಇಡೀ ಊರಿನ ಲೆಕ್ಕ ಗೊತ್ತಿರುತ್ತದೆ. ಮೊದಲ ಸಭೆಗೆ ಅವರನ್ನೂ ಆ ಮಕ್ಕಳ ಅಮ್ಮಂದಿರನ್ನೂ ಕರೆಯಿರಿ. ಎಸ್‌ಡಿಎಂಸಿ ಅಧ್ಯಕ್ಷರು, ಪಿಟಿ ಮೇಷ್ಟ್ರು, ಹಳೆ ವಿದ್ಯಾರ್ಥಿಗಳು ಹೇಗೂ ಬರುತ್ತಾರೆ.

ಅಲ್ಲಿ ಕೇಳಬೇಕಾದದ್ದು, ‘ನಿಮ್ಮ ಮಗುವಿಗೆ ಏನು ಕೊಡೋಣ’ ಎಂದಲ್ಲ. ‘ನಿಮ್ಮ ಮಗು ಮನೆಯಲ್ಲಿ ಏನು ಆಡ್ತಾನೆ, ಯಾವುದಕ್ಕೆ ನಗ್ತಾನೆ’ ಎಂದು ಕೇಳಿ. ಒಬ್ಬ ತಾಯಿ ನೀರು ಎನ್ನುತ್ತಾರೆ, ಇನ್ನೊಬ್ಬರು ಪಾತ್ರೆ ಬಡಿಯುವುದು ಎನ್ನುತ್ತಾರೆ. ದುಬಾರಿ ಕ್ಯಾಟಲಾಗ್ ಇಲ್ಲದೆಯೇ ಅಂಗಳದ ಅರ್ಧ ನಕ್ಷೆ ಅಲ್ಲೇ ಮೂಡುತ್ತದೆ.

ಪಂದ್ಯದ ದಿನ ಏನೇನು?

ಕಾಲ್ಚೆಂಡನ್ನೇ ಏಕೆ ಆರಿಸಿಕೊಳ್ಳಬೇಕು ಎಂದರೆ, ಒಂದು ಚೆಂಡು ಮತ್ತು ನಾಲ್ಕು ಗೆರೆ ಸುಣ್ಣ ಇದ್ದರೆ ಆಟ ಶುರುವಾಗುತ್ತದೆ. ಬೂಟು ಇಲ್ಲದಿದ್ದರೂ ನಡೆಯುತ್ತದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಹೆಚ್ಚಿನ ಆಟಗಾರರು ಬರಿಗಾಲಲ್ಲಿ ಆಡಿದ್ದರು. ಫ್ರಾನ್ಸ್ ವಿರುದ್ಧ ನಮ್ಮ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ನಿಮ್ಮ ಪಂದ್ಯದಲ್ಲಿ ಮಾತ್ರ ಬರಿಗಾಲು ಮತ್ತು ಬೂಟು ಒಂದೇ ಅಂಕಣದಲ್ಲಿ ಬೆರೆಯದಿರಲಿ. ಎಲ್ಲರೂ ಬರಿಗಾಲಲ್ಲಿ ಆಡಲಿ, ಇಲ್ಲವೇ ಎಲ್ಲರೂ ಕ್ಯಾನ್ವಾಸ್ ಶೂ ಹಾಕಿಕೊಳ್ಳಲಿ.

ದುಡ್ಡು ಹೆಚ್ಚು ತರುವುದು ಐವರ ತಂಡಗಳ ಟೂರ್ನಿ. ಅಂಕಣ 40 ಮೀಟರ್ ಉದ್ದ, 20 ಮೀಟರ್ ಅಗಲವಿದ್ದರೆ ಸಾಕು. ಹಳೆ ವಿದ್ಯಾರ್ಥಿಗಳು, ಆಟೋ ಚಾಲಕರು, ಪಕ್ಕದೂರಿನ ಯುವಕ ಸಂಘ, ಠಾಣೆಯ ಸಿಬ್ಬಂದಿ, ಶಿಕ್ಷಕರು ಹೀಗೆ 16 ತಂಡ ಕೂಡಿಸಿ. ಸೋತವರು ಹೊರಗೆ ಎಂಬ ಕ್ರಮದಲ್ಲಿ 15 ಪಂದ್ಯಗಳಾಗುತ್ತವೆ. ತಲಾ 10 ನಿಮಿಷದ ಎರಡು ಅವಧಿ, ನಡುವಿನ ಬಿಡುವು ಎಲ್ಲ ಸೇರಿ ಪಂದ್ಯಕ್ಕೆ ಅರ್ಧ ಗಂಟೆ ಹಿಡಿದರೂ ಎರಡು ಅಂಕಣಗಳಲ್ಲಿ ಒಟ್ಟು 4 ಗಂಟೆಗಳಲ್ಲಿ ಫೈನಲ್ ಮುಗಿಯುತ್ತದೆ. ತಂಡಕ್ಕೆ 1,500 ರೂಪಾಯಿ ಪ್ರವೇಶ ಶುಲ್ಕವಾದರೆ 24,000. ಇದರಲ್ಲಿ ಶಾಮಿಯಾನ, ಮೈಕು, ಚಹಾ, ಟ್ರೋಫಿಯ ಖರ್ಚು ಕಳೆಯಬೇಕು. ನಗದು ಬಹುಮಾನ ಇಡಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಗದು ಇಟ್ಟ ಕಡೆ ಬಾಡಿಗೆ ಆಟಗಾರರು ಬರುತ್ತಾರೆ, ಜಗಳ ಬರುತ್ತದೆ, ಅಂಗಳದ ದುಡ್ಡು ಬಹುಮಾನಕ್ಕೇ ಹೋಗುತ್ತದೆ.

ಈ ತಂಡಗಳಲ್ಲಿ ಅಂಗವಿಕಲ ಮಕ್ಕಳಿಗೆ ಜಾಗ ಎಲ್ಲಿ? 1968ರಲ್ಲಿ ಶುರುವಾದ ಸ್ಪೆಷಲ್ ಒಲಿಂಪಿಕ್ಸ್ ಸಂಸ್ಥೆಯ ‘ಯೂನಿಫೈಡ್’ ಪದ್ಧತಿ ಇದಕ್ಕೆ ಒಂದು ದಾರಿ ತೋರಿಸಿದೆ. ಐವರ ತಂಡದಲ್ಲಿ ಮೂವರು ಬೌದ್ಧಿಕ ತೊಡಕಿರುವ ಆಟಗಾರರು, ಇಬ್ಬರು ಜೊತೆಗಾರರು. ದೊಡ್ಡವರ ಟೂರ್ನಿಯ ನಡುವೆ ಶಾಲೆಯ ಮಕ್ಕಳದೇ ಇಂಥ ಎರಡು ತಂಡಗಳ ಪಂದ್ಯ ಇಡಿ. ಅದನ್ನು ಫೈನಲ್‌ಗೆ ಮುಂಚೆ, ಜನ ತುಂಬಿರುವ ಹೊತ್ತಿನಲ್ಲಿ ಇಡಿ. ಹತ್ತು ಹನ್ನೆರಡು ದಿನ ಮೊದಲೇ ಜೊತೆಯಲ್ಲಿ ಅಭ್ಯಾಸ ಆಗಲೇಬೇಕು. ಅಭ್ಯಾಸವಿಲ್ಲದೆ ಮಗುವನ್ನು ಮೈದಾನದಲ್ಲಿ ನಿಲ್ಲಿಸಿ ಯಾರೂ ಚೆಂಡು ಕೊಡದೆ ಇರುವುದು ಹೊರಗೆ ಕೂರಿಸುವುದಕ್ಕಿಂತ ಕ್ರೂರ.

ಸುತ್ತಿಗಿಷ್ಟು ಎಂಬ ಓಟ ಸಣ್ಣ ಮಕ್ಕಳಿಗೆ ಹೇಳಿ ಮಾಡಿಸಿದ್ದು. ಮಗು ಚೆಂಡನ್ನು ಒದೆಯುತ್ತ, ಉರುಳಿಸುತ್ತ ಮೈದಾನದ ಸುತ್ತು ಹಾಕುತ್ತದೆ. ಹಾಕಿದ ಪ್ರತಿ ಸುತ್ತಿಗೆ ಇಷ್ಟು ರೂಪಾಯಿ ಕೊಡುತ್ತೇವೆ ಎಂದು ಮಾವ, ದೊಡ್ಡಪ್ಪ, ಕಿರಾಣಿ ಅಂಗಡಿಯವರು ಮೊದಲೇ ಬರೆದುಕೊಟ್ಟಿರುತ್ತಾರೆ. ಗಾಲಿಕುರ್ಚಿಯ ಮಗು ಮಡಿಲಲ್ಲಿ ಚೆಂಡು ಇಟ್ಟುಕೊಂಡು ಸುತ್ತಬಹುದು. ಕಣ್ಣು ಕಾಣದ ಮಗು ಗೆಳತಿಯ ಮೊಣಕೈ ಹಿಡಿದು ನಡೆಯಬಹುದು. ಬೇಗ ದಣಿಯುವ ಮಗುವಿಗೆ ಸುತ್ತನ್ನೇ ಚಿಕ್ಕದು ಮಾಡಿ, ಲೆಕ್ಕಕ್ಕೆ ಪೂರ್ತಿ ಹಿಡಿಯಿರಿ. 120 ಮಕ್ಕಳಿಗೆ ತಲಾ ಮೂವರು ಪೋಷಕರು, ಸುತ್ತಿಗೆ 5 ರೂಪಾಯಿ, 10 ಸುತ್ತಿನ ಮಿತಿ ಎಂದುಕೊಂಡರೆ 18,000 ರೂಪಾಯಿ ಆಗುತ್ತದೆ. ಮಿತಿ ಇಡದಿದ್ದರೆ ಉತ್ಸಾಹದ ಹುಡುಗರು ಬಿಸಿಲಲ್ಲಿ ಓಡಿ ಬೀಳುತ್ತಾರೆ, ಮಾತು ಕೊಟ್ಟವರು ಮೊತ್ತ ಕೇಳಿ ಬೆಚ್ಚುತ್ತಾರೆ. ಯಾವ ಮಗು ಎಷ್ಟು ತಂದಿತು ಎಂದು ಮೈಕಿನಲ್ಲಿ ಹೇಳುವುದು ಬೇಡ. ತರಗತಿವಾರು ಮೊತ್ತ ಸಾಕು. ಮಕ್ಕಳು ಒಂಟಿಯಾಗಿ ಮನೆ ಮನೆ ಸುತ್ತಿ ವಂತಿಗೆ ಎತ್ತುವುದಂತೂ ಬೇಡವೇ ಬೇಡ.

ಪೆನಾಲ್ಟಿ ಅಂಗಡಿ ಇಡಬಹುದು. ಗೋಲಿಗೆ ತೂತು ಮಾಡಿದ ಹಳೆ ಟಾರ್ಪಾಲು ಕಟ್ಟಿ, 20 ರೂಪಾಯಿಗೆ ಐದು ಒದೆತ. ದೊಡ್ಡವರಿಗೆ 11 ಮೀಟರ್, ಮಕ್ಕಳಿಗೆ 6 ಮೀಟರ್ ದೂರ ಸಾಕು. ಒದೆಯಲಾಗದವರು ಕೈಯಲ್ಲಿ ಎಸೆಯಲಿ, ಕೋಲಿನಿಂದ ತಳ್ಳಲಿ. ಒಬ್ಬರಿಗೆ ಎರಡು ನಿಮಿಷ ಹಿಡಿದರೆ ಮೂರು ಗಂಟೆಯಲ್ಲಿ 90 ಜನ, 1,800 ರೂಪಾಯಿ. ಮೊತ್ತ ಚಿಕ್ಕದು, ಸಾಲು ಉದ್ದ, ಗಲಾಟೆ ಖುಷಿಯದು. ಪಕ್ಕದಲ್ಲೇ ಸ್ತ್ರೀಶಕ್ತಿ ಸಂಘದವರ ಮಿರ್ಚಿ ಮಂಡಕ್ಕಿ, ನಿಂಬೆ ಷರಬತ್ತು ಇದ್ದರೆ ಸಾಲಿನಲ್ಲಿ ನಿಂತವರ ಜೇಬಿನ ಚಿಲ್ಲರೆಯೂ ಇಲ್ಲೇ ಉಳಿಯುತ್ತದೆ.

ಮೌನದ ಪಂದ್ಯ

ಕಣ್ಣು ಕಟ್ಟಿ ಆಡುವ ಪಂದ್ಯದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 2004ರ ಅಥೆನ್ಸ್‌ನಿಂದ ಪ್ಯಾರಾಲಿಂಪಿಕ್ಸ್‌ನಲ್ಲಿ ಅಂಧರ ಫುಟ್‌ಬಾಲ್ ಇದೆ. ನಾಲ್ವರು ಆಟಗಾರರು ಕಣ್ಣಿಗೆ ಪಟ್ಟಿ ಕಟ್ಟಿ ಆಡುತ್ತಾರೆ, ಗೋಲ್‌ಕೀಪರ್‌ಗೆ ಮಾತ್ರ ಕಣ್ಣು ಕಾಣುತ್ತದೆ. ಚೆಂಡಿನೊಳಗೆ ಗಲಗಲ ಸದ್ದು ಮಾಡುವ ಬಿಲ್ಲೆಗಳಿರುತ್ತವೆ. ಎದುರಾಳಿಯ ಗೋಲಿನ ಹಿಂದೆ ನಿಂತ ಮಾರ್ಗದರ್ಶಿ ಕೂಗಿ ದಿಕ್ಕು ಹೇಳುತ್ತಾರೆ. ಚೆಂಡಿನತ್ತ ನುಗ್ಗುವ ಆಟಗಾರ, ಡಿಕ್ಕಿಯಾಗದಿರಲೆಂದು ‘ವೊಯ್’ ಎಂದು ಕೂಗಲೇಬೇಕು. ಸ್ಪ್ಯಾನಿಷ್‌ನಲ್ಲಿ ಅದಕ್ಕೆ ‘ಬರ್ತಿದ್ದೀನಿ’ ಎಂಬರ್ಥ. ಚೆಂಡು ಆಟದಲ್ಲಿರುವಷ್ಟು ಹೊತ್ತೂ ಪ್ರೇಕ್ಷಕರು ಉಸಿರೆತ್ತುವಂತಿಲ್ಲ. ಗೋಲಾದ ಮೇಲೆ ಎಷ್ಟು ಬೇಕಾದರೂ ಕೂಗಬಹುದು.

ನಮ್ಮ ಶಾಲೆಗಳಲ್ಲಿ ಇದನ್ನು ಆಡಿಸುವುದು ಕಷ್ಟವಲ್ಲ. ಸದ್ದಿನ ಚೆಂಡು ಸಿಗದಿದ್ದರೆ ಮಾಮೂಲಿ ಚೆಂಡಿಗೆ ಪ್ಲಾಸ್ಟಿಕ್ ಕವರು ಸುತ್ತಿ ಬಿಗಿಯಾಗಿ ಕಟ್ಟಿ. ಉರುಳುವಾಗ ಸರಸರ ಸದ್ದು ಬರುತ್ತದೆ. ಗೋಡೆಯ ಬದಲು ಅಂಕಣದ ಎರಡು ಬದಿಯಲ್ಲಿ ದೊಡ್ಡ ತರಗತಿಯ ಮಕ್ಕಳು ಕೈ ಕೈ ಹಿಡಿದು ನಿಂತು, ಬಂದ ಆಟಗಾರನನ್ನು ಮೆಲ್ಲಗೆ ಒಳಕ್ಕೆ ತಿರುಗಿಸಲಿ. ‘ವೊಯ್’ ಬದಲು ‘ಬಂದೆ’ ಎನ್ನಲಿ. ಮೊದಲ ಸಲ ಕಣ್ಣು ಕಟ್ಟಿಕೊಂಡವರಿಗೆ ಓಟ ಬೇಡ, ನಡಿಗೆಯ ಆಟ ಮಾತ್ರ. ಅಭ್ಯಾಸ ಮಾಡಿಸುವ ಕೆಲಸ ಊರಿನ ಅಥವಾ ಹತ್ತಿರದ ಶಾಲೆಯ ಕಣ್ಣು ಕಾಣದ ಹುಡುಗನದೋ ಹುಡುಗಿಯದೋ ಆಗಿರಲಿ. ಸದ್ದು ಕೇಳಿ ದೂರ ಅಳೆಯುವುದರಲ್ಲಿ ಅವರು ಪಳಗಿದವರು, ನಾವು ಹೊಸಬರು. ಪಂದ್ಯ ನೋಡುವವರಿಗೆ 10 ರೂಪಾಯಿ ಟಿಕೆಟ್ ಇಡಿ. ಐನೂರು ಜನ ಹತ್ತು ನಿಮಿಷ ಉಸಿರು ಬಿಗಿಹಿಡಿದು ಕೂತಾಗ, ಬಯಲ ಮೇಲೆ ‘ಬಂದೆ, ಬಂದೆ’ ಎಂಬ ದನಿಗಳು ಮಾತ್ರ ಕೇಳುವುದನ್ನು ಒಮ್ಮೆ ಅನುಭವಿಸಿದ ಊರು ಅಂಗಳಕ್ಕೆ ಏಕೆ ದುಡ್ಡು ಕೇಳುತ್ತಿದ್ದೀರಿ ಎಂದು ಮತ್ತೆ ಕೇಳುವುದಿಲ್ಲ.

ದಿನ ಗೊತ್ತು ಮಾಡುವಾಗ ಡಿಸೆಂಬರ್ ಮೊದಲ ವಾರವನ್ನು ನೋಡಿ. ಡಿಸೆಂಬರ್ 3 ವಿಶ್ವ ಅಂಗವಿಕಲರ ದಿನ. ಮಳೆ ಮುಗಿದಿರುತ್ತದೆ, ಪರೀಕ್ಷೆ ದೂರವಿರುತ್ತದೆ. ಬೆಳಿಗ್ಗೆ ಏಳಕ್ಕೇ ಶುರು ಮಾಡಿ. ಎತ್ತಿಡುವ ಗೋಲ್‌ಪೋಸ್ಟ್‌ಗಳಾದರೆ ಹಿಂಬದಿಗೆ ಮರಳಿನ ಮೂಟೆ ಹೇರಿ ಕಟ್ಟಲೇಬೇಕು. ಅಡ್ಡಪಟ್ಟಿಗೆ ಜೋತುಬಿದ್ದ ಮಕ್ಕಳ ಮೇಲೆ ಅವು ಮಗುಚಿ ಜೀವ ಹೋದದ್ದುಂಟು. ಎಂಟು ವರ್ಷದೊಳಗಿನವರಿಗೆ 3ನೇ ನಂಬರಿನ ಚೆಂಡು, ಹನ್ನೆರಡರವರೆಗೆ 4, ಮೇಲಿನವರಿಗೆ 5. ನೆರಳು, ಕುಡಿಯುವ ನೀರು, ಓಆರ್‌ಎಸ್, ಗಾಲಿಕುರ್ಚಿ ಒಳಹೋಗುವ ಒಂದು ಶೌಚಾಲಯ ಇಲ್ಲದಿದ್ದರೆ ದಿನವನ್ನೇ ಮುಂದೂಡಿ.

ಒಂದು ಊರು, ಒಂದು ತಂಡ

ಕಾಲ್ಚೆಂಡಿನ ದುಡ್ಡಿಗೂ ಎಲ್ಲರ ಆಟದಂಗಳಕ್ಕೂ ನಂಟು ಬೆಸೆದ ದೊಡ್ಡ ಪ್ರಯೋಗ ಅಮೆರಿಕದ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ನಡೆಯಿತು. ಮನೆ ಕಟ್ಟಿಸುವ ಉದ್ಯಮಿಯಾಗಿದ್ದ ಗೋರ್ಡನ್ ಹಾರ್ಟ್‌ಮನ್ ಅವರ ಮಗಳು ಮಾರ್ಗನ್‌ಗೆ ಬೌದ್ಧಿಕ ಮತ್ತು ದೈಹಿಕ ತೊಡಕುಗಳಿದ್ದವು. ಪ್ರವಾಸದಲ್ಲಿ ಒಮ್ಮೆ ಈಜುಕೊಳದಲ್ಲಿ ಆಡುತ್ತಿದ್ದ ಮಕ್ಕಳ ಬಳಿ ಅವಳು ಹೋದಾಗ ಆ ಮಕ್ಕಳು ಅಲ್ಲಿಂದ ಎದ್ದುಹೋದರು. ಅದನ್ನು ಕಂಡ ಅಪ್ಪ, ಎಲ್ಲರೂ ಒಟ್ಟಿಗೆ ಆಡುವ ಜಾಗ ಎಲ್ಲಾದರೂ ಇದೆಯೇ ಎಂದು ಹುಡುಕಿ, ಕೊನೆಗೆ ತಾವೇ ಕಟ್ಟಲು ನಿಂತರು. ಹಳೆಯ ಕಲ್ಲುಗಣಿಯ ಜಾಗದಲ್ಲಿ 25 ಎಕರೆಯ ‘ಮಾರ್ಗನ್ಸ್ ವಂಡರ್‌ಲ್ಯಾಂಡ್’ 2010ರಲ್ಲಿ ತೆರೆಯಿತು. ಗಾಲಿಕುರ್ಚಿ ಸಮೇತ ಹತ್ತಿ ಜೀಕುವ ಜೋಕಾಲಿ ಅಲ್ಲಿದೆ. ಅಂಗವೈಕಲ್ಯ ಇರುವವರಿಗೆ ಪ್ರವೇಶ ಉಚಿತ.

ಉಚಿತ ಎಂದಮೇಲೆ ವರ್ಷ ವರ್ಷದ ಖರ್ಚು ಎಲ್ಲಿಂದ ಬರಬೇಕು? ಹಾರ್ಟ್‌ಮನ್ ಒಂದು ಫುಟ್‌ಬಾಲ್ ತಂಡವನ್ನೇ ಕಟ್ಟಿದರು. ‘ಸ್ಯಾನ್ ಆಂಟೋನಿಯೊ ಸ್ಕಾರ್ಪಿಯನ್ಸ್’ 2012ರಲ್ಲಿ ವೃತ್ತಿಪರ ಲೀಗ್‌ಗೆ ಇಳಿಯಿತು. ಬಂದ ಲಾಭವೆಲ್ಲ ಆ ಅಂಗಳಕ್ಕೆ ಎಂದು ಸಾರಿತ್ತು. 2013ರಲ್ಲಿ ಪಕ್ಕದಲ್ಲೇ ಕ್ರೀಡಾಂಗಣ ಎದ್ದಿತು, 2014ರಲ್ಲಿ ತಂಡ ಚಾಂಪಿಯನ್ ಆಯಿತು. 2015ರ ಕೊನೆಗೆ ಕ್ರೀಡಾಂಗಣ ಮಾರಾಟವಾಗಿ ತಂಡ ನಿಂತುಹೋಯಿತು. ಅಂಗಳ ಮಾತ್ರ ಇಂದಿಗೂ ನಡೆಯುತ್ತಿದೆ. 2017ರಲ್ಲಿ ಪಕ್ಕದಲ್ಲಿ ನೀರಾಟದ ಜಾಗವೂ ಬಂತು. ಅವರ ಪ್ರಮಾಣಕ್ಕೂ ನಮ್ಮ ಶಾಲೆಯ ಬಯಲಿಗೂ ಹೋಲಿಕೆಯಿಲ್ಲ ನಿಜ. ಆದರೂ ಒಂದೇ ಮೂಲವನ್ನು ನಂಬಿ ಕೂರಬಾರದು, ಕಟ್ಟುವ ದುಡ್ಡಿನ ಜೊತೆಗೇ ನಡೆಸುವ ದುಡ್ಡನ್ನೂ ಯೋಚಿಸಬೇಕು ಎಂಬುದು ನಮಗೂ ಅಷ್ಟೇ ಅನ್ವಯಿಸುತ್ತದೆ.

ಹತ್ತಿರದಲ್ಲಿ ನೋಡಿ ಬರಬೇಕೆಂದರೆ, ವಿಶೇಷ ಅಗತ್ಯವಿರುವ ಮಕ್ಕಳ ಹೆತ್ತವರು ಕಟ್ಟಿದ ಬೆಂಗಳೂರಿನ ‘ಕಿಲಿಕಿಲಿ’ ಸಂಸ್ಥೆ ಕೋಲ್ಸ್ ಪಾರ್ಕ್‌ನಂಥ ಪಾಲಿಕೆಯ ಉದ್ಯಾನಗಳಲ್ಲಿ ಎಲ್ಲ ಮಕ್ಕಳೂ ಆಡುವ ಅಂಗಳ ಮಾಡಿದೆ. ಹಳೆ ಟೈರುಗಳಿಂದ ಅಂಗಳ ಕಟ್ಟುವ ‘ಆಂಟ್‌ಹಿಲ್ ಕ್ರಿಯೇಷನ್ಸ್’ ಕೂಡ ಬೆಂಗಳೂರಿನದೇ.

ದುಡ್ಡಿನ ಲೆಕ್ಕ

ಸರ್ಕಾರಿ ಶಾಲೆಯಾದರೆ ಸಂಗ್ರಹವೆಲ್ಲ ಎಸ್‌ಡಿಎಂಸಿಯ ಜಂಟಿ ಖಾತೆಗೆ ಹೋಗಲಿ. ಯಾರದೇ ಸ್ವಂತ ಫೋನಿನ ಯುಪಿಐ ಸಂಖ್ಯೆಯನ್ನು ಬ್ಯಾನರಿನಲ್ಲಿ ಹಾಕಬೇಡಿ. ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಮಾತು ಹುಟ್ಟುತ್ತದೆ. ಸಂಖ್ಯೆ ಹಾಕಿದ ರಸೀತಿ ಪುಸ್ತಕ, ದಿನದ ಕೊನೆಗೆ ಇಬ್ಬರು ಕೂತು ಎಣಿಸುವುದು, ಮಾರನೇ ದಿನ ಬ್ಯಾಂಕು, ವಾರದೊಳಗೆ ಜಮಾ ಖರ್ಚಿನ ಹಾಳೆ ಶಾಲೆಯ ಸೂಚನಾಫಲಕದ ಮೇಲೆ. ಇಷ್ಟು ಮಾಡಿದ ಊರಿನಲ್ಲಿ ಎರಡನೇ ವರ್ಷ ಕೇಳದೆಯೇ ದುಡ್ಡು ಬರುತ್ತದೆ.

ಲಕ್ಕಿ ಡ್ರಾ ಬೇಡ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧವಿದೆ. ಒಳ್ಳೆಯ ಕೆಲಸಕ್ಕೆಂದು ಆ ಬಾಗಿಲು ತೆರೆಯಬಾರದು. ತೆರಿಗೆ ವಿನಾಯಿತಿಯ ರಸೀತಿ ಕೇಳುವ ದಾನಿಗಳಿದ್ದರೆ, 80ಜಿ ನೋಂದಣಿ ಇರುವ ಟ್ರಸ್ಟ್ ಮೂಲಕವೇ ಅದು ಸಾಧ್ಯ. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ವಿನಾಯಿತಿ ಸಿಗದು. ಊರಿನ ಹಳೆ ವಿದ್ಯಾರ್ಥಿಗಳು ಅಮೆರಿಕದಲ್ಲೋ ದುಬೈಯಲ್ಲೋ ಇದ್ದು ಕಳಿಸುತ್ತೇವೆ ಎಂದಾಗ ಮೊದಲು ಪಾಸ್‌ಪೋರ್ಟ್ ಯಾವುದೆಂದು ಕೇಳಿ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಗಳಿಕೆಯಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರದು, ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ ನೋಂದಣಿ ಇಲ್ಲದೆ ಅದನ್ನು ಪಡೆಯುವಂತಿಲ್ಲ. ಊರಿನ ಮೇಲಿನ ಪ್ರೀತಿಯಿಂದ ಕಳಿಸಿದ ದುಡ್ಡು ತಲೆನೋವಾಗಬಾರದಲ್ಲ.

ದುಡ್ಡಿಗಿಂತ ವಸ್ತು ಕೇಳುವುದು ಎಷ್ಟೋ ಸಲ ಸುಲಭ. ವೆಲ್ಡಿಂಗ್ ಅಂಗಡಿಯವರು ಒಂದು ದಿನದ ಕೆಲಸ ಕೊಡುತ್ತಾರೆ, ಸಿಮೆಂಟ್ ವ್ಯಾಪಾರಿ ಹತ್ತು ಚೀಲ ಕೊಡುತ್ತಾರೆ, ಪಂಚಾಯಿತಿಯವರು ಬಯಲು ಸಮ ಮಾಡಿಸಿಕೊಡಬಹುದು. ಬ್ಯಾನರಿನಲ್ಲಿ ‘ಪಾಪದ ಮಕ್ಕಳಿಗೆ ಸಹಾಯ ಮಾಡಿ’ ಎಂದು ಬರೆಯಬೇಡಿ, ಗಾಲಿಕುರ್ಚಿಯ ಮಗುವನ್ನು ಹುಂಡಿಯ ಪಕ್ಕ ಕೂರಿಸಬೇಡಿ, ಹೆತ್ತವರನ್ನೂ ಮಗುವನ್ನೂ ಕೇಳದೆ ಫೋಟೊ ಹಾಕಬೇಡಿ. ‘ನಮ್ಮೂರ ಮಕ್ಕಳೆಲ್ಲ ಆಡುವ ಅಂಗಳಕ್ಕೆ’ ಎಂದರೆ ಸಾಕು. ಶಿಕ್ಷಣ ಹಕ್ಕು ಕಾಯ್ದೆಯೇ ಶಾಲೆಗೆ ಆಟದ ಮೈದಾನ ಇರಬೇಕು, ಅಡೆತಡೆಯಿಲ್ಲದ ಪ್ರವೇಶ ಇರಬೇಕು ಎನ್ನುತ್ತದೆ. ಹಾಗಾಗಿ ನೀವು ಕೇಳುತ್ತಿರುವುದು ಭಿಕ್ಷೆಯಲ್ಲ.

ಮೊದಲು ದಾರಿ, ಆಮೇಲೆ ಜೋಕಾಲಿ

ಕೂಡಿದ ದುಡ್ಡಿನಲ್ಲಿ ಮೊದಲ ಪಾಲು ನೆಲಕ್ಕೆ. ಗೇಟಿನಿಂದ ಪ್ರತಿ ಆಟದ ಬುಡದವರೆಗೆ ಗಟ್ಟಿ ದಾರಿ ಬೇಕು: ಕನಿಷ್ಠ 4 ಅಡಿ ಅಗಲ, ಎರಡು ಕುರ್ಚಿ ಎದುರಾಗುವಲ್ಲಿ 6 ಅಡಿ, ತಿರುಗುವ ಕಡೆ 5 ಅಡಿ ಉದ್ದಗಲದ ಜಾಗ. ಗರಸು ಹಾಕಿ ನೀರು ಬಿಟ್ಟು ರೋಲರ್ ಹೊಡೆಸಿದ ನೆಲ ಸಾಕಷ್ಟು ಒಳ್ಳೆಯದು. ಜಲ್ಲಿ ಮತ್ತು ಸಡಿಲ ಮರಳಿನಲ್ಲಿ ಗಾಲಿ ಸಾಗುವುದಿಲ್ಲ. ಇಳಿಜಾರು 1:12 ಇರಬೇಕು. ಜಗಲಿ ಒಂದೂವರೆ ಅಡಿ ಎತ್ತರವಿದ್ದರೆ ಇಳಿಜಾರು 18 ಅಡಿ ಉದ್ದ. ಜಾಗ ಉಳಿಸಲೆಂದು ಆರು ಅಡಿಯಲ್ಲಿ ಮುಗಿಸಿದ ಇಳಿಜಾರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವುಗಳ ಮೇಲೆ ಮಗು ತಾನಾಗಿ ಹತ್ತಲಾರದು, ಇಳಿಯುವಾಗ ಉರುಳುತ್ತದೆ. ಜೋಕಾಲಿಯ ಕೆಳಗೆ ಬಿದ್ದರೆ ಪೆಟ್ಟಾಗದ ರಬ್ಬರ್ ಹಾಸು ಹಾಕಿಸಿ. ಇಡೀ ಬಯಲಿಗೆ ಅದು ದುಬಾರಿ, ಜೋಕಾಲಿ ಮತ್ತು ಜಾರುಬಂಡೆಯ ಬುಡಕ್ಕೆ ಸಾಕು.

ಆಮೇಲಿನದು ಒಬ್ಬರಿಗಿಂತ ಹೆಚ್ಚು ಮಕ್ಕಳು ಕೂಡಿ ಆಡುವಂಥದ್ದಾಗಿರಲಿ. ಬುಟ್ಟಿಯಂಥ ಅಗಲ ಜೋಕಾಲಿಯಲ್ಲಿ ಇಬ್ಬರು ಮಲಗಿ ತೂಗಬಹುದು. ಮರಳಿನ ತೊಟ್ಟಿಯನ್ನು ಮೇಜಿನಂತೆ ಎತ್ತರಿಸಿದರೆ ಕುರ್ಚಿಯ ಮಗುವಿನ ಮಂಡಿ ಕೆಳಗೆ ಹೋಗುತ್ತದೆ. ಎತ್ತರವನ್ನು ಪುಸ್ತಕ ನೋಡಿ ಹೇಳುವುದಕ್ಕಿಂತ ಮಗುವನ್ನು ಕುರ್ಚಿಯಲ್ಲೇ ಕರೆತಂದು ಅಳೆಯಿರಿ. ಗೋಡೆಗೆ ಹಿತ್ತಾಳೆ ಗಂಟೆ, ಸ್ಟೀಲ್ ತಟ್ಟೆ, ಬಿದಿರಿನ ಕೊಳವೆ ತೂಗುಹಾಕಿದರೆ ಅದೇ ವಾದ್ಯಗೋಡೆ. ಅದರಿಂದ ದೂರದಲ್ಲಿ, ಹೊಂಗೆಯದೋ ಬೇವಿನದೋ ನೆರಳಲ್ಲಿ, ಗದ್ದಲ ತಾಳದ ಮಗು ಹೋಗಿ ಕೂರಲು ಒಂದು ಮೂಲೆ. ಮಂದದೃಷ್ಟಿಯವರಿಗೆ ಮೆಟ್ಟಿಲಂಚಿಗೂ ಕಂಬಕ್ಕೂ ದಟ್ಟ ಹಳದಿ ಬಣ್ಣ. ಪ್ಲಾಸ್ಟಿಕ್ ಜಾರುಬಂಡೆಯಲ್ಲಿ ಜಾರುವಾಗ ಮೈಯಲ್ಲಿ ಸ್ಥಿರ ವಿದ್ಯುತ್ ಸೇರುತ್ತದೆ. ಕಾಕ್ಲಿಯರ್ ಇಂಪ್ಲಾಂಟ್ ಇರುವ ಮಗುವಿನ ಹೊರಯಂತ್ರಕ್ಕೆ ಅದರಿಂದ ತೊಂದರೆಯಾಗಬಹುದಾದ್ದರಿಂದ ಅದನ್ನು ತೆಗೆದಿಟ್ಟು ಜಾರಬೇಕು. ಹಳೆಯ ಶಾಲೆಗಳಲ್ಲಿದ್ದ ನುಣ್ಣನೆಯ ಗಾರೆಯ ಜಾರುಬಂಡೆಗೆ ಆ ಕಾಟವಿಲ್ಲ. ಮರದ ನೆರಳಲ್ಲಿ ಕಟ್ಟಿಸಿದರೆ ಸುಡುವುದೂ ಇಲ್ಲ.

ಒಟ್ಟು ಮೊತ್ತದಲ್ಲಿ ಹತ್ತರಲ್ಲಿ ಒಂದು ಪಾಲನ್ನು ಮುಟ್ಟದೆ ಖಾತೆಯಲ್ಲೇ ಬಿಡಿ. ಮೊದಲ ಮಳೆಗಾಲ ಕಳೆದ ಮೇಲೆ ದಾರಿಯ ಗರಸು ಅಲ್ಲಲ್ಲಿ ಕೊಚ್ಚಿಹೋಗಿರುತ್ತದೆ, ಸರಪಳಿಯ ಕೊಂಡಿ ಸವೆದಿರುತ್ತದೆ, ಬೋಲ್ಟ್ ಸಡಿಲವಾಗಿರುತ್ತದೆ. ತಿಂಗಳಿಗೊಮ್ಮೆ ಪ್ರತಿ ಜೋಡಣೆಯನ್ನು ಕೈಯಾರೆ ಅಲುಗಿಸಿ ನೋಡುವ ಒಬ್ಬರನ್ನು ಹೆಸರು ಹಿಡಿದು ನೇಮಿಸಿ.

ಇನ್ನೊಂದು ವಿಷಯವನ್ನು ಪಂದ್ಯದ ಮೊದಲ ಸಭೆಯಲ್ಲೇ ಬರೆದಿಟ್ಟುಕೊಳ್ಳಿ: ಅಂಗಳದ ಬೀಗದ ಕೈ ಯಾರ ಹತ್ತಿರ ಇರುತ್ತದೆ? ಗೃಹಾಧಾರಿತ ಶಿಕ್ಷಣದ ಮಗು ಶಾಲೆಯ ಹೊತ್ತಿನಲ್ಲಿ ಬರಲಾರದು. ಅಮ್ಮ ಕೆಲಸದಿಂದ ಬಂದ ಮೇಲೆ, ಸಂಜೆ ಐದೂವರೆಗೆ ಬರಬಹುದು. ಆ ಹೊತ್ತಿಗೆ ಗೇಟು ತೆರೆದಿರಬೇಕು. ಎದುರು ಮನೆಯ ಅಜ್ಜಿಯ ಬಳಿಯೋ ಪಕ್ಕದ ಅಂಗಡಿಯವರ ಬಳಿಯೋ ಒಂದು ಕೈ ಕೊಟ್ಟು, ಭಾನುವಾರವೂ ಸೇರಿ ತೆರೆಯುವ ಮುಚ್ಚುವ ಹೊತ್ತನ್ನು ಗೇಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ.